ಬುಟ್ಟಿಯಡಿಯ ಮರಿ

ನನ್ನ ತಂಗಿಯ ಗಂಡ ಹುಲುಗೇಶನನ್ನು ಬೈಯಲು ಬರುವವರಿಗೆ ನಾನು ಈಗೀಗ ಕುರ್ಚಿ ಕೊಡುವುದನ್ನೇ ಬಿಟ್ಟಿದ್ದೇನೆ. "ಹೆತ್ತ ಮಗಳನ್ನ ಕಾರಿನಾಗ ಬಿಟ್ಟು ಮರೀತಾರೇನ್ರಿ ಓಬಳೇಶಣ್ಣ?" ಎಂದು ಕೇಳುತ್ತಾರೆ. ಮರೆಯುತ್ತಾರೆ. ಹೇಗೆ ಮರೆತ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬೇಕಾದವರು ನಿಂತೇ ಕೇಳಲಿ.

ಹುಲುಗೇಶನದು ಕುರಿ ಸಾಕುವ ಮನೆತನ. ಅವನು ಕೂಡ್ಲಿಗಿಯಲ್ಲಿ ಮನೆ ಮಾಡಿ, ಒಂದು ಹಳೇ ಕಾರನ್ನು ಬಾಡಿಗೆಗೆ ಓಡಿಸುತ್ತಾನೆ. ಹಿಂಡನ್ನು ಅವನ ಚಿಕ್ಕಪ್ಪ ಯರ್ರೆಪ್ಪ ಊರೂರು ಮೇಯಿಸುತ್ತಾನೆ. ನನ್ನ ತಂಗಿ ಶಾಂತಕುಮಾರಿಗೆ ಹಗರಿಬೊಮ್ಮನಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಅವರ ಮಗಳು ಚಂದನಾಗೆ ಆಗ ಒಂದೂವರೆ ವರ್ಷ. ಹಗಲೆಲ್ಲ ಅವಳನ್ನು ನೋಡಿಕೊಳ್ಳುತ್ತಿದ್ದದ್ದು ಹುಲುಗೇಶನ ತಾಯಿ ನಾಗಕ್ಕ. ಹೋದ ಏಪ್ರಿಲ್‌ನಲ್ಲಿ ನಾಗಕ್ಕನ ಕಣ್ಣಿನ ಪೊರೆ ತೆಗೆಸಿದರು. ಆಕೆ ಎದ್ದು ಓಡಾಡುವ ತನಕ ಕೂಸನ್ನು ಕೊಟ್ಟೂರಿನಲ್ಲಿ ನಮ್ಮ ಸೋದರತ್ತೆ ಹಂಪಕ್ಕನ ಹತ್ತಿರ ಬಿಡುವುದೆಂದಾಯಿತು. ಹಾಗೆ ಬಿಡಲು ಹೊರಟ ಮೊದಲ ದಿನವೇ ಇದು ನಡೆದದ್ದು.

ಬೆಳಿಗ್ಗೆ ಶಾಂತಿ ಕೂಸನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನ ಮೇಲೆ ಮಲಗಿಸಿದಳು. "ಹಲ್ಲು ಬರಾಕ ಹತ್ಯಾವು, ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಎಬ್ಬಿಸಬ್ಯಾಡ. ಹಂಗಾ ಎತ್ತಿ ಹಂಪಕ್ಕತ್ತಿ ಕೈಯಾಗ ಕೊಡು."

"ಆತು ಬಿಡು, ಅದನ್ನೂ ನೀ ಹೇಳ್ಬೇಕೇನು?" ಅಂದ ಅವನು. ಅವಳು ಬಸ್ಸಿಗೆ ಓಡಿದಳು.

ಮುಂದಿನ ಸೀಟಿನ ಬುಡದಲ್ಲಿ ಹುಲ್ಲು ಹಾಸಿ, ಬುಟ್ಟಿಯಲ್ಲಿ ಎರಡು ಕುರಿಮರಿ ಇಟ್ಟುಕೊಂಡಿದ್ದ. ಭೇದಿ ಹತ್ತಿ ಸಾಯುವಂತಿದ್ದವನ್ನು ಮನೆಗೆ ತಂದು, ಔಷಧ ಕುಡಿಸಿ ಬದುಕಿಸಿದ್ದ. ಅವತ್ತು ಅವನ್ನು ತಾಯಿಗಳಿಗೆ ಕೂಡಿಸಬೇಕಿತ್ತು. ಹಿಂಡು ಕೊಟ್ಟೂರಿನಾಚೆ ಹರಪನಹಳ್ಳಿ ದಾರಿಯಲ್ಲಿ ನನ್ನ ಹೊಲದಲ್ಲೇ ಗೊಬ್ಬರಕ್ಕೆಂದು ಬೀಡುಬಿಟ್ಟಿತ್ತು.

ಕೊಟ್ಟೂರು ಹತ್ತಿರ ಬರುವಷ್ಟರಲ್ಲಿ ಯರ್ರೆಪ್ಪನ ಫೋನು ಬಂತು. "ಲೇ ಹುಲುಗ, ಎರಡೂ ಕುರಿ ಕೆಚ್ಚಲು ಕಲ್ಲಾಗ್ಯಾವು, ಕೈ ಮುಟ್ಟಿಸಿಕೊಳ್ಳವಲ್ಲವು. ಎಲ್ಲೂ ನಿಲ್ಲಬ್ಯಾಡ, ಮೊದಲು ಮರಿ ತಾ."

ಕೂಸು ಹೆಂಗೂ ಮಲಗಿದೆ, ಮರಿ ಇಳಿಸಿ ವಾಪಸ್ ಬರುವಾಗ ಬಿಟ್ಟರಾಯಿತು ಅಂದುಕೊಂಡ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅಲ್ಲಿಂದ ಹೊಲದ ತನಕ ಮರಿಗಳು ಬಾಯಿ ಮುಚ್ಚಲಿಲ್ಲ. ಇವನು ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಇನ್ನೊಂದರಲ್ಲಿ ಅವುಗಳ ತಲೆ ಸವರುತ್ತ "ಬಂದ್ವಿ, ಬಂದ್ವಿ" ಎನ್ನುತ್ತ ಬಂದ. ಹಿಂದಿನ ಸೀಟಿನಿಂದ ಸದ್ದೇ ಇರಲಿಲ್ಲ.

ನಾನು ನೋಡುತ್ತಿದ್ದಂತೆ ಬದುವಿನ ಹತ್ತಿರ ಕಾರು ನಿಲ್ಲಿಸಿದ. ಕಾರು ಕಾಯಬಾರದೆಂದು ಮುಂದಿನ ಗಾಜಿನ ಮೇಲೆ ಕಂಬಳಿ ಹೊದಿಸಿದ. ಪಕ್ಕದ ಗಾಜುಗಳಿಗೆ ಮೊದಲೇ ಕರೀ ಫಿಲ್ಮು. ಎರಡೂ ಕೈಯಲ್ಲಿ ಬುಟ್ಟಿಯನ್ನು ತಬ್ಬಿ ಎತ್ತಿಕೊಂಡು, ಎಡವದಂತೆ ಕಾಲ ಕೆಳಗೆ ನೋಡುತ್ತ ಬಂದು ಚಿಕ್ಕಪ್ಪನ ಮುಂದೆ ಇಳಿಸಿದ. "ತಗಾ, ನಿನ್ನ ಮರಿ" ಅಂದ. ಹಗುರಾದ ಮುಖ ಅವನದು. ಒಪ್ಪಿಸಬೇಕಾದದ್ದನ್ನು ಒಪ್ಪಿಸಿದವನ ಮುಖ.

ತಾಯಿಗಳು ಮರಿಗಳನ್ನು ಒದ್ದವು. ಮನೆಯ ವಾಸನೆ ಅಂಟಿತ್ತಲ್ಲ. ಕುರಿಯ ಹಾಲನ್ನೇ ಕರೆದು ಮರಿಗಳ ಬೆನ್ನಿಗೆ ಸವರಿ, ತಾಯಿಗಳ ಕೊರಳು ಹಿಡಿದು ಕೂತ. ಅವು ಮೂಸಿ ನೆಕ್ಕುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಹಿಂಡು ಮೇಯಲು ಹೋದಾಗ ಅಲೆಯದಿರಲೆಂದು ಮಿಕ್ಕ ಎಳೆಮರಿಗಳನ್ನು ನೆರಳಿನಲ್ಲಿ ಬುಟ್ಟಿ ಬೋರಲು ಹಾಕಿ ಮುಚ್ಚಿಟ್ಟಿದ್ದರು. ಮಧ್ಯಾಹ್ನ ಹಿಂಡು ಬಂದಾಗ ಅವನ್ನು ಬಿಟ್ಟು, ಯಾವುದು ಯಾರದೆಂದು ನೋಡಿ ಕೂಡಿಸಬೇಕು. ಆ ಕೆಲಸದಲ್ಲಿ ಹುಲುಗೇಶನ ಸರಿಸಮ ಯಾರೂ ಇಲ್ಲ. ಸಂಭ್ರಮದಿಂದ ಕೂಡಿಸುತ್ತಿದ್ದ.

ಒಂದು ಕುರಿ ಮಾತ್ರ ಒದರುತ್ತ ಸುತ್ತುತ್ತಿತ್ತು.

"ಇದರ ಮರಿ ಎಲ್ಲಿ?" ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. "ಕಣ್ಣು ಎಲ್ಲಿಟ್ಟೀರಿ? ಎಲ್ಲಾ ಬುಟ್ಟಿ ಎತ್ತೀರೇನು? ಈ ಬಿಸಿಲಾಗ ಮುಚ್ಚಿಟ್ಟ ಜೀವ ಉಳೀತೈತೇನ್ರಲೇ?" ಎಂದು ನಮ್ಮೆಲ್ಲರ ಮೇಲೂ ಹರಿಹಾಯ್ದ. ಬೇಲಿಯ ಹತ್ತಿರ, ನೆರಳು ಸರಿದುಹೋದ ಜಾಗದಲ್ಲಿ ಒಂದು ಬುಟ್ಟಿ ಉಳಿದಿತ್ತು. ಎತ್ತಿದ. ಮರಿ ನಾಲಿಗೆ ಚಾಚಿ ಬಿದ್ದಿತ್ತು. ಎದೆಗೆ ಅವಚಿಕೊಂಡು ತಲೆಗೆ ನೀರು ಹನಿಸಿದ. ಅದು ಕಣ್ಣು ಬಿಟ್ಟಿತು.

"ಚೂರು ತಡಾ ಆಗಿದ್ರ ಹೋಗಿಬಿಡ್ತಿತ್ತು ನೋಡು" ಅಂದ ಯರ್ರೆಪ್ಪ.

ಹುಲುಗೇಶ ನಕ್ಕ. ಆ ನಗು ಮುಗಿಯಲಿಲ್ಲ, ಮುಖದ ಮೇಲೇ ನಿಂತುಬಿಟ್ಟಿತು. ತಿರುಗಿ ಕಾರಿನ ಕಡೆ ನೋಡಿದ. ಮರಿ ಕೈಯಿಂದ ಜಾರಿತು. ಓಡಿದ. ಏನೆಂದು ತಿಳಿಯದೆ ನಾನೂ ಹಿಂದೆ ಓಡಿದೆ.

ಬಾಗಿಲು ತೆಗೆದಾಗ ಒಳಗಿನ ಝಳ ಮುಖಕ್ಕೆ ಬಡಿಯಿತು. ಹಿಂದಿನ ಸೀಟಿನಲ್ಲಿ ಸೀರೆ ಮಾತ್ರ ಇತ್ತು. ಕೂಸು ಎದ್ದು, ಹೇಗೋ ತೆವಳಿ ಮುಂದೆ ಬಂದು, ಮರಿಗಳಿಗೆ ಹಾಸಿದ್ದ ಹುಲ್ಲಿನ ಮೇಲೆ ಮುದುಡಿತ್ತು. ಮಿಕ್ಕಿದ್ದನ್ನು ನಾನು ಹೇಳುವುದಿಲ್ಲ. ಅವನು ಮರಿಗೆ ಹನಿಸಿದ ನೀರನ್ನೇ ತಂದು ಅವಳ ತಲೆಗೆ ಹನಿಸಿದ, ಹನಿಸುತ್ತಲೇ ಇದ್ದ. ಕೊಟ್ಟೂರಿನ ಡಾಕ್ಟರು ಮುಟ್ಟಿ ನೋಡಿ ಕೈ ಹಿಂದೆಗೆದರು. ಕೂಸು ಅಪ್ಪನ ಸಂಗಡ ಕುರಿ ನೋಡಲು ಹೋಗಿರಬೇಕೆಂದು ಹಂಪಕ್ಕ ಆ ಹೊತ್ತಿಗೂ ಅಂದುಕೊಂಡಿದ್ದಳಂತೆ.

ಶಾಂತಿ ಬಂದಾಗ ಆಸ್ಪತ್ರೆ ಅಂಗಳದ ಜನ ಸರಿದು ದಾರಿ ಬಿಟ್ಟರು. ಗಂಡನನ್ನು ಹೊಡೆಯುತ್ತಾಳೆಂದು ಕಾಯುತ್ತಿದ್ದರು, ಪಾಪಿಗಳು. ಅವಳು ಅವನ ಮುಂದೆ ಕುಕ್ಕರಿಸಿದಳು.

"ಅತ್ಲೇನು?"

"ಗೊತ್ತಿಲ್ಲ. ನನಗ ಮರಿ ಒದರೋದೊಂದ ಕೇಳ್ತಿತ್ತು."

ನಾನೂ ಬೈಯಬೇಕೆಂದೇ ಹತ್ತಿರ ಹೋದೆ. ಆದರೆ ಅವನನ್ನು ನೋಡಿ, ಪಕ್ಕದಲ್ಲೇ ಕೂತೆ.

ಕೇಸು ನಡೆದಿದೆ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಶಾಂತಿ ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಗಾಡಿಯಿಂದ ಇಳಿದರೆ ಹಿಂದಿನ ಬಾಗಿಲು ತೆಗೆದು ನೋಡಿಯೇ ನಾನು ಮುಂದೆ ಹೋಗುವುದು. ನಗುವವರು ನಗಲಿ.

ಹುಲುಗೇಶ ಈಗ ಕಾರು ಮುಟ್ಟುವುದಿಲ್ಲ, ಚಿಕ್ಕಪ್ಪನ ಜೊತೆ ಹಿಂಡಿನ ಹಿಂದೆ ಇರುತ್ತಾನೆ. ಮೊನ್ನೆ ಮಧ್ಯಾಹ್ನ ನೋಡಿದೆ. ಮರಿಗಳೆಲ್ಲ ತಾಯಿಗಳನ್ನು ಕೂಡಿ ಹಾಲು ಕುಡಿಯುತ್ತಿದ್ದವು. ಅವನು ಒಂದೊಂದೇ ಬುಟ್ಟಿ ಎತ್ತಿ, ಬಗ್ಗಿ ಅಡಿಯಲ್ಲಿ ನೋಡಿ, ಮತ್ತೆ ಇಡುತ್ತಿದ್ದ.

"ಖಾಲಿ ಅದಾವಲೇ" ಅಂದ ಯರ್ರೆಪ್ಪ, ಮೆಲ್ಲಗೆ.

"ಗೊತ್ತೈತಿ" ಅಂದ. ಮುಂದಿನ ಬುಟ್ಟಿ ಎತ್ತಿದ.