ಅರೆಬೆಂದ ಅಂಟು

ನನ್ನ ಉಗುರು ಅಂಟಿನೊಳಗೆ ಇಳಿಯಿತು. ತಂತಿ ಬೆಸೆಯಲೆಂದು ಬಿಲ್ಲೆಯನ್ನು ಬೆಚ್ಚಗಿನ ತಗಡಿನ ಮೇಲೆ ಇಟ್ಟಿದ್ದೆ. ಕಲ್ಲಿನಂತಿರಬೇಕಾದ ಅಂಟು ಮೇಣದ ಹಾಗೆ ಮೆತ್ತಗಾಗಿತ್ತು. ಇದೇ ಬಿಲ್ಲೆಯ ಇನ್ನರ್ಧದಿಂದ ಮಾಡಿದ ಪ್ರೋಬು ಅಣ್ಣನ ಕೈಯಲ್ಲಿತ್ತು.

ನಾನು ಮಾಡುವುದು ಲೋಹದೊಳಗಿನ ಬಿರುಕು ಹುಡುಕುವ ಪ್ರೋಬುಗಳನ್ನು. ಕರೆಂಟು ಕೊಟ್ಟರೆ ಅದುರುವ, ಅದುರಿಸಿದರೆ ಕರೆಂಟು ಕೊಡುವ ಒಂದು ಜಾತಿಯ ಪಿಂಗಾಣಿ ಇದೆ. ಅದನ್ನು ಅಡ್ಡಕ್ಕೂ ಉದ್ದಕ್ಕೂ ಸೀಳಿ, ಸಣ್ಣ ಸಣ್ಣ ಕಂಬಗಳಾಗಿಸಿ, ನಡುವೆ ಅಂಟು ತುಂಬಿ ಓವನ್ನಿನಲ್ಲಿ ಬೇಯಿಸುತ್ತೇನೆ. ಬರೀ ಪಿಂಗಾಣಿಗಿಂತ ಈ ಮಿಶ್ರ ಬಿಲ್ಲೆಗೆ ಕಿವಿ ಚುರುಕು. ಅಣ್ಣ ಅದನ್ನು ಬೆಸುಗೆಯ ಪಕ್ಕದಲ್ಲಿ ಒತ್ತಿ ಹಿಡಿದು, ನಮಗೆ ಕೇಳದ ಸದ್ದನ್ನು ಉಕ್ಕಿನೊಳಕ್ಕೆ ಕಳಿಸುತ್ತಾನೆ. ಬಿರುಕಿದ್ದರೆ ಸದ್ದು ವಾಪಸಾಗಿ ಪರದೆಯ ಮೇಲೆ ಗೆರೆ ಏಳುತ್ತದೆ. ಇಲ್ಲದಿದ್ದರೆ ಏಳುವುದಿಲ್ಲ. ಪ್ರೋಬು ಕಿವುಡಾಗಿದ್ದರೂ ಏಳುವುದಿಲ್ಲ. ಈ ಕಸುಬಿನಲ್ಲಿ ನನಗೆ ಹೆದರಿಕೆ ಅಂತ ಇರುವುದು ಇದೊಂದಕ್ಕೇ.

ಅಣ್ಣ ಯಾವಾಗಲೂ ತುದಿಗಾಲಲ್ಲಿ ನಿಂತಿರುವ ಆಸಾಮಿ. ಅತ್ತಿಗೆ ಕೆಲಸ ಮಾಡುವ ಲಾಂಡ್ರಿಯ ಬಾಯ್ಲರ್ ತಪಾಸಣೆ ಅವನಿಗೆ ಸಿಕ್ಕಿತ್ತು. ಸಿಕ್ಕಿದ್ದೂ ಅತ್ತಿಗೆಯ ಮಾತಿನ ಮೇಲೆ. "ಬೇಗ ಕೊಡೇ ತಾಯಿ" ಎಂದು ನನ್ನ ಪ್ರಾಣ ತಿಂದ. ನಾನೂ ಪೂರ್ತಿ ಬೇಯುವ ಮೊದಲೇ ಬಿಲ್ಲೆಯನ್ನು ಹೊರಗೆ ತೆಗೆದೆ. ತಣ್ಣಗಿದ್ದಾಗ ಚೆನ್ನಾಗಿಯೇ ಕೇಳುತ್ತಿತ್ತು, ಹಾಳಾದ್ದು.

ಫೋನ್ ಮಾಡಿದೆ.

"ಬಾಯ್ಲರ್ ನೋಡಿದೆಯಾ?"

"ಈಗ್ತಾನೆ ಮುಗೀತು. ಒಂದು ಗೆರೆನೂ ಏಳಲಿಲ್ಲ."

"ಪೂರ್ತಿ ತಣ್ಣಗಾಗಿತ್ತಾ?"

"ಬೆಚ್ಚಗಿತ್ತು. ಇವರಿಗೆ ಅರ್ಜೆಂಟು."

"ಮುಗಿದ ಮೇಲೆ ಪ್ರೋಬನ್ನ ಟೆಸ್ಟ್ ಬ್ಲಾಕ್ ಮೇಲಿಟ್ಟು ನೋಡಿದೆಯಾ?"

ಬೇಕೆಂದೇ ತೂತು ಕೊರೆದ ಉಕ್ಕಿನ ತುಂಡು ಅದು. ಕೆಲಸಕ್ಕೆ ಮುಂಚೆಯೂ ಆಮೇಲೂ ಆ ತೂತು ಪ್ರೋಬಿಗೆ ಕಾಣುತ್ತದೆಯೇ ಎಂದು ನೋಡಲೇಬೇಕು. ಬೇರೆಯವರ ಪ್ರೋಬಾದರೆ ಅಣ್ಣ ತಪ್ಪದೆ ನೋಡುತ್ತಾನೆ.

"ನೀನು ಮಾಡಿದ್ದಲ್ವೇನೇ? ನಿಂದನ್ನ ನಾನ್ಯಾವತ್ತು ಎರಡೆರಡು ಸಲ ನೋಡಿದೀನಿ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಉಬ್ಬಿಹೋಗುತ್ತಿದ್ದೆ. ಈಗ ಸಿಟ್ಟು ನೆತ್ತಿಗೇರಿತು.

"ಅಂಟು ಬೆಂದಿಲ್ಲ ಅಣ್ಣ. ಬೆಚ್ಚಗಾದ್ರೆ ಅದು ಕಿವುಡು. ಬಾಯ್ಲರ್ ಹಚ್ಚಬೇಡಿ ಅನ್ನು."

"ತಲೆ ಕೆಟ್ಟಿದೆಯಾ? ಸರಿಯಿದೆ ಅಂತ ಸೈನ್ ಮಾಡಿ ಕೊಟ್ಟಾಗಿದೆ. ಈಗ ಹೋಗಿ ಗೊತ್ತಿಲ್ಲ ಅಂದ್ರೆ ನಿನ್ನ ಅತ್ತಿಗೆ ಮುಖ ಎಲ್ಲಿಟ್ಕೋತಾಳೆ?"

ಫೋನ್ ಇಟ್ಟುಬಿಟ್ಟ. ನಾನು ಹಳೆಯ ಪ್ರೋಬೊಂದನ್ನು ಚೀಲಕ್ಕೆ ಹಾಕಿಕೊಂಡೆ. ಬರೀ ಪಿಂಗಾಣಿಯದು, ಕಿವಿ ಸ್ವಲ್ಪ ಮಂದ, ಆದರೆ ಅಷ್ಟು ಬಿಸಿಗೆಲ್ಲ ಜಗ್ಗುವುದಿಲ್ಲ. ದಾರಿಯುದ್ದಕ್ಕೂ ಅಣ್ಣನನ್ನು ಬೈದುಕೊಂಡೆ, ಅದಕ್ಕಿಂತ ಹೆಚ್ಚಾಗಿ ನನ್ನನ್ನು.

ಲಾಂಡ್ರಿ ತಲುಪಿದಾಗ ಅಣ್ಣ ಪೆಟ್ಟಿಗೆ ಕಟ್ಟುತ್ತಿದ್ದ. ಬಾಯ್ಲರ್ ಇನ್ನೂ ಹಚ್ಚಿರಲಿಲ್ಲ. ನನ್ನನ್ನು ಕಂಡದ್ದೇ ಅವನ ಮುಖ ಕೆಂಪಾಯಿತು.

"ಇಲ್ಲಿಗೂ ಬಂದೆಯಾ?"

ಗದ್ದಲ ಕೇಳಿ ಅತ್ತಿಗೆ ಒಳಗಿನಿಂದ ಬಂದರು. ನಾನು ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದೆ. ಬಾಯ್ಲರ್ ಆಪರೇಟರ್ ಕೈಕಟ್ಟಿ ನಿಂತು ಕೇಳಿಸಿಕೊಂಡ.

"ನಿಮ್ಮಣ್ಣ ಸುಳ್ಳು ಹೇಳೋರಲ್ಲ" ಎಂದರು ಅತ್ತಿಗೆ.

"ಅವನು ಹೇಳಿಲ್ಲ ಅತ್ತಿಗೆ. ಪ್ರೋಬು ಹೇಳಿದೆ. ಅದನ್ನ ಮಾಡಿದೋಳು ನಾನು."

ಅತ್ತಿಗೆ ಗಂಡನ ಕಡೆ ತಿರುಗಿದರು. "ಇನ್ನೊಂದ್ಸಲ ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಮರ್ಯಾದೆ ಹೋಗುತ್ತೆ."

"ನಂದೂ ಹೋಗುತ್ತೆ. ಹೋಗ್ಲಿ ಬಿಡಿ. ನೋಡಿ."

ಅಣ್ಣ ನನ್ನ ಕೈಯಿಂದ ಹಳೆಯ ಪ್ರೋಬನ್ನು ಕಿತ್ತುಕೊಂಡ. ಮೊದಲು ಟೆಸ್ಟ್ ಬ್ಲಾಕಿನ ಮೇಲೆ ಇಟ್ಟು ನೋಡಿದ. ಆಮೇಲೆ ಬೆಸುಗೆಯ ಪಕ್ಕ ಜೆಲ್ ಬಳಿದು ನಿಧಾನವಾಗಿ ಸರಿಸುತ್ತ ಹೋದ. ಏನೂ ಇಲ್ಲದಿರಲಿ, ಎಲ್ಲರೂ ನನ್ನನ್ನು ನೋಡಿ ನಗಲಿ, ಅಣ್ಣ ಇನ್ನು ನನ್ನ ಮುಖ ನೋಡದಿದ್ದರೂ ಸರಿ ಎಂದು ಬೇಡಿಕೊಂಡೆ.

ಕೆಳಗಿನ ಬೆಸುಗೆಯಲ್ಲಿ ಗೆರೆ ಎದ್ದಿತು. ಅಣ್ಣ ಪ್ರೋಬು ತೆಗೆದು, ಒರೆಸಿ, ಮತ್ತೆ ಇಟ್ಟ. ಮತ್ತೆ ಎದ್ದಿತು. ಪ್ರೋಬನ್ನು ಪಕ್ಕಕ್ಕೆ ಜರುಗಿಸುತ್ತ ಹೋದ. ಒಂದು ಗೇಣು ದೂರದವರೆಗೂ ಅದು ಇಳಿಯಲಿಲ್ಲ. ಯಾರೂ ಹೇಳದೆಯೇ ಆಪರೇಟರ್ ಹೋಗಿ ಇಂಧನದ ವಾಲ್ವ್ ತಿರುಗಿಸಿ ಮುಚ್ಚಿದ.

"ಅದೇನಾ?" ಎಂದರು ಅತ್ತಿಗೆ.

ಅಣ್ಣ ತಲೆಯಾಡಿಸಿದ.

"ಒಡೆದಿದ್ರೆ ಆವಿ ಯಾವ ಕಡೆಗೆ ಬರ್ತಿತ್ತು?"

ಅಣ್ಣ ಬಾಯ್ಲರಿಗೆ ಎದುರಾಗಿ ಇದ್ದ ತೆರೆದ ಬಾಗಿಲನ್ನೇ ನೋಡುತ್ತ ನಿಂತ. ಅದರಾಚೆ ಅತ್ತಿಗೆಯ ಇಸ್ತ್ರಿ ಮೇಜು, ಮೇಜಿನ ಮೇಲೆ ಅವರು ಅರ್ಧಕ್ಕೆ ಮಡಚಿ ಬಿಟ್ಟುಬಂದ ಬೆಡ್‌ಶೀಟು. ಅತ್ತಿಗೆಯೂ ಅವನು ನೋಡಿದ ಕಡೆಗೇ ತಿರುಗಿ ನೋಡಿದರು. ಆಮೇಲೆ ಅವರು ನಮ್ಮಿಬ್ಬರಲ್ಲಿ ಯಾರ ಮುಖವನ್ನೂ ನೋಡಲಿಲ್ಲ.