ಅಪ್ಪಣೆ ಬೇಡ ಎನ್ನಲು ಅಪ್ಪಣೆ

ಸಲಹೆಗಾರ್ತಿ ಕಡತದ ಲಾಡಿ ಬಿಚ್ಚಿದ ರೀತಿ ನೋಡಿಯೇ ಷರಾ ಸಾಹೇಬರಿಗೆ ಅನುಮಾನ ಶುರುವಾಯಿತು. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಗಂಟನ್ನು ಎಳೆದಾಡಿ ಇನ್ನಷ್ಟು ಬಿಗಿ ಮಾಡುತ್ತಾರೆ. ಆಮೇಲೆ ಕಡತವನ್ನು ಮುಂದಕ್ಕೆ ತಳ್ಳಿ, "ನೀವೇ ಹೇಳಿಬಿಡಿ" ಅನ್ನುತ್ತಾರೆ. ಸಾಹೇಬರಿಗೆ ಬೇಕಾದದ್ದೂ ಅದೇ. ಆದರೆ ಈಕೆ ಲಾಡಿಯ ಸರಿಯಾದ ತುದಿಯನ್ನೇ ಹಿಡಿದು ಎಳೆದಳು. ಹಾಳೆಗಳನ್ನು ತಳದಿಂದ ಮೇಲಕ್ಕೆ ಓದತೊಡಗಿದಳು. ಕಡತ ಓದಿ ಪಳಗಿದ ಕೈ ಇದು, ಸುಮ್ಮನೆ ಬಂದ ಹೆಂಗಸಲ್ಲ ಎಂದುಕೊಂಡು ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಅವರು ಆ ಪುರಸಭೆಯ ಹೆಡ್ ಕ್ಲಾರ್ಕ್. ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಕೈಗೆ ಬಂದ ಪ್ರತಿ ಕಾಗದದ ಅಂಚಿನಲ್ಲೂ "ಮೇಲಿನ ಆದೇಶ ನಿರೀಕ್ಷಿಸಿದೆ" ಎಂದು ಒಂದು ಷರಾ ಬರೆದೇ ಕೆಳಗಿಡುವುದು ಅವರ ಕ್ರಮವಾದ್ದರಿಂದ ಊರಿಗೆಲ್ಲ ಷರಾ ಸಾಹೇಬರಾಗಿದ್ದರು. ಮನೆಗೆ ಬೆಂಕಿ ಬಿದ್ದರೂ ನೀರಿನ ಬಕೆಟ್ ಹಿಡಿದುಕೊಂಡು ಆದೇಶಕ್ಕೆ ಕಾಯುವ ಮನುಷ್ಯ ಎಂದು ಜವಾನ ಆಡಿಕೊಳ್ಳುತ್ತಿದ್ದ. ಅದು ಅವರ ಕಿವಿಗೂ ಬಿದ್ದಿತ್ತು. ಆಡಿಕೊಳ್ಳಲಿ, ಇನ್ನೆಂಟು ತಿಂಗಳಿಗೆ ನಿವೃತ್ತಿ. ನಗುವವರು ಪಿಂಚಣಿ ಕೊಡುವುದಿಲ್ಲವಲ್ಲ.

ಈಕೆಯನ್ನು ಕಳಿಸಿದ್ದು ರಾಜಧಾನಿಯಲ್ಲಿ ಕೂತ ಒಂದು ನೆರವು ಸಂಸ್ಥೆ. ಅಧಿಕಾರ ಮೇಲಿನಿಂದ ಕೆಳಗಿಳಿಯಬೇಕು, ಊರಿನ ಕೆಲಸ ಊರಿನವರ ಕೈಯಲ್ಲಿರಬೇಕು ಎಂದು ಆ ಸಂಸ್ಥೆ ಸರ್ಕಾರದ ಬೆನ್ನು ಹತ್ತಿತ್ತು. ಅದರ ಫಲವಾಗಿ ನಾಲ್ಕು ತಿಂಗಳ ಹಿಂದೆ ಒಂದು ಆದೇಶ ಹೊರಟಿತ್ತು: ಊರಿನ ಆಸ್ಪತ್ರೆಗೆ ಬೇಕಾದ ನರ್ಸನ್ನು ಇನ್ನು ಮುಂದೆ ಪುರಸಭೆಯೇ ನೇಮಿಸಿಕೊಳ್ಳಬಹುದು, ಯಾರ ಅನುಮತಿಯೂ ಬೇಕಿಲ್ಲ, ಅಧ್ಯಕ್ಷರ ಸಹಿ ಮತ್ತು ಹೆಡ್ ಕ್ಲಾರ್ಕರ ಸಹಿ ಸಾಕು. ಆಸ್ಪತ್ರೆಯ ಹೆರಿಗೆ ಕೋಣೆಗೆ ನರ್ಸಿಲ್ಲದೆ ಬೀಗ ಬಿದ್ದು ಹದಿನಾಲ್ಕು ತಿಂಗಳಾಗಿತ್ತು. ಸಭೆ ಅದೇ ವಾರ ನಿರ್ಣಯ ಮಾಡಿತು, ಪಕ್ಕದ ಬೀದಿಯ ನರ್ಸೊಬ್ಬಳನ್ನು ಆರಿಸಿತು, ನೇಮಕದ ಪತ್ರ ಟೈಪ್ ಕೂಡ ಆಯಿತು. ಸಹಿ ಮಾತ್ರ ಆಗಲಿಲ್ಲ.

"ಜಿಲ್ಲಾ ಕಚೇರಿಯವರು ತಡೆದಿದ್ದಾರೆ ಮೇಡಂ," ಎಂದಳು ಎದುರಿಗೆ ಕೂತ ಅಧ್ಯಕ್ಷೆ. ಆಕೆ ವೃತ್ತಿಯಿಂದ ದರ್ಜಿ. ಈಗಲೂ ಬೆಳಗಿನ ಹೊತ್ತು ಮಷೀನು ತುಳಿದೇ ಕಚೇರಿಗೆ ಬರುತ್ತಿದ್ದಳು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ದಿನಾ ಫೋನ್ ಮಾಡ್ತೀನಿ. ಪರಿಶೀಲನೆಯಲ್ಲಿದೆ ಅಂತಾರೆ. ಎರಡು ತಿಂಗಳಾಯ್ತು. ಅಧಿಕಾರ ಕೊಟ್ಟ ಮೇಲೆ ತಡೆಯೋದು ಯಾಕೆ ಅಂತ ನೀವಾದ್ರೂ ಕೇಳಿ."

ಸಲಹೆಗಾರ್ತಿ ತಲೆ ಎತ್ತಲಿಲ್ಲ. ನೋಟ್ ಪುಸ್ತಕ ತೆಗೆದು ಒಂದು ಸಾಲು ಬರೆದಳು. ಮೇಜಿನ ಈಚೆ ಕೂತು ತಲೆಕೆಳಗಾದ ಅಕ್ಷರ ಓದುವುದು ಷರಾ ಸಾಹೇಬರಿಗೆ ಮೂವತ್ತು ವರ್ಷದ ಅಭ್ಯಾಸ. ಆಕೆ ಬರೆದಿದ್ದನ್ನು ಅವರು ಓದಿದರು: ತೊಡಕು, ಹೆಡ್ ಕ್ಲಾರ್ಕ್?

ಅವರ ಮೈ ಉರಿದುಹೋಯಿತು. ಹಾಗಾದರೆ ಇವಳು ಬಂದಿರುವುದು ಇದಕ್ಕೇ. ಒಬ್ಬನನ್ನು ಹಿಡಿದುಕೊಡಬೇಕು, ವರದಿಯಲ್ಲಿ ಹಾಕಬೇಕು, ಹೋಗಬೇಕು. ಅವರಿಗೆ ಹಿಂದಿನ ಹೆಡ್ ಕ್ಲಾರ್ಕ್ ನೆನಪಾದ. ಇಪ್ಪತ್ತೆರಡು ವರ್ಷದ ಹಿಂದೆ ಇಂಥದೇ ಆದೇಶ ಬಂದಿತ್ತು, ಇಂಥದೇ ನೆರವಿನವರು ಬಂದು ಚಪ್ಪಾಳೆ ತಟ್ಟಿಸಿದ್ದರು. ಆ ಮನುಷ್ಯ ನಂಬಿ ಇಬ್ಬರು ಪಂಪ್ ಚಾಲಕರ ನೇಮಕಕ್ಕೆ ಸಹಿ ಹಾಕಿದ. ಎರಡು ವರ್ಷಕ್ಕೆ ಸರ್ಕಾರ ಬದಲಾಯಿತು; ಆದೇಶ ಹೊರಟ ದಿನದಿಂದಲೇ ಅನ್ವಯವಾಗುವಂತೆ ರದ್ದಾಯಿತು. ಯಾರನ್ನು ಕೇಳಿ ನೇಮಿಸಿದೆ ಎಂದು ವಿಚಾರಣೆ ಒಂಬತ್ತು ವರ್ಷ ನಡೆಯಿತು. ಚಪ್ಪಾಳೆ ತಟ್ಟಿದವರ ಸುಳಿವೇ ಇರಲಿಲ್ಲ. ಪಿಂಚಣಿಯಿಲ್ಲದ ಆತ ಇದೇ ಕಚೇರಿಯ ಗೇಟಿನ ಹೊರಗೆ ಸ್ಟೂಲ್ ಹಾಕಿಕೊಂಡು, ಸಾಯುವ ತನಕ, ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದ. ಒಳಗೆ ಹೋಗುವಾಗ ಷರಾ ಸಾಹೇಬರು ದಿನವೂ ಆ ಸ್ಟೂಲಿನ ಕಡೆ ನೋಡದೆ ಹೋಗುತ್ತಿದ್ದರು.

"ಜಿಲ್ಲೆಯವರು ತಡೆದಿದ್ದಾರೆ, ನಿಜ," ಎಂದಳು ಸಲಹೆಗಾರ್ತಿ. "ಆದ್ರೆ ತಾವಾಗಿ ತಡೆದಿಲ್ಲ. ಇಲ್ಲಿಂದ ಒಂದು ಪತ್ರ ಹೋಗಿದೆ. ಅದಕ್ಕೆ ಬಂದ ಉತ್ತರವೇ ಈ ತಡೆ." ಆಕೆ ಆ ಪತ್ರದ ಕಚೇರಿ ಪ್ರತಿಯನ್ನು ಅಧ್ಯಕ್ಷೆಯ ಕಡೆಗೆ ತಿರುಗಿಸಿದಳು. "ಓದಿ."

ಅಧ್ಯಕ್ಷೆ ಬೆರಳಿಟ್ಟು ಓದಿದಳು. "'ಈ ನೇಮಕಕ್ಕೆ ತಮ್ಮ ಅನುಮತಿ ಅಗತ್ಯವಿಲ್ಲವೆಂಬುದನ್ನು ಒಪ್ಪಿ, ಹಾಗೆ ಅನುಮತಿಯಿಲ್ಲದೆ ಮುಂದುವರಿಯಲು ಅನುಮತಿ ನೀಡಬೇಕೆಂದು ಕೋರಿದೆ.'" ಅವಳು ಇನ್ನೊಂದು ಸಲ ಓದಿದಳು. "ಅನುಮತಿ ಬೇಡ ಅನ್ನೋದಕ್ಕೆ ಅನುಮತಿ? ಯಾರು ಬರೆದಿದ್ದು ಇದು? ಕೆಳಗೆ ಅಧ್ಯಕ್ಷರ ಪರವಾಗಿ ಅಂತಿದೆ. ನನ್ನ ಪರವಾಗಿ?"

ಅದರ ಕೆಳಗಿನ ಸುರುಳಿ ಸಹಿಯ ಗುರುತು ಹತ್ತಿ ಅವಳು ಷರಾ ಸಾಹೇಬರ ಕಡೆ ತಿರುಗಿದಳು.

"ಅಣ್ಣಾ!" ಅಧ್ಯಕ್ಷೆಯ ದನಿ ಏರಿತು. "ಅಳತೆ ತಗೊಂಡಿದ್ದು ನಾನು, ಬಟ್ಟೆ ಕತ್ತರಿಸಿದ್ದು ನಾನು. ನೀವು ಹೋಗಿ ಪಕ್ಕದಂಗಡಿಯವನನ್ನ ಹೊಲೀಲಾ ಅಂತ ಕೇಳಿ ಬಂದ್ರಾ? ಎರಡು ತಿಂಗಳು ನಾನು ಜಿಲ್ಲೆಯವರಿಗೆ ಶಾಪ ಹಾಕ್ತಾ ಕೂತಿದ್ದೀನಿ, ನೀವು ಇಲ್ಲೇ ಎದುರಿಗೆ ಕೂತು ಕೇಳಿಸ್ಕೊಂಡು ಸುಮ್ನಿದ್ರಿ!"

ಷರಾ ಸಾಹೇಬರಿಗೆ ನಾಚಿಕೆಯಾಯಿತು. ಆದರೆ ಬಾಯಿಗೆ ಬಂದದ್ದು ಸಿಟ್ಟು. "ಕೇಳಿದ್ರೆ ತಪ್ಪೇನಮ್ಮ? ಕೇಳದೆ ಮಾಡಿದೋನು ಗೇಟಿನ ಹೊರಗೆ ಕೂತಿದ್ದ, ಕೇಳಿದೋನು ಒಳಗೆ ಕೂತಿದ್ದೀನಿ."

ಕೇಳುವ ತನಕ ಆ ಅಧಿಕಾರ ಊರಿನದಾಗಿತ್ತು, ಕೇಳಿದ ಕೂಡಲೇ ಜಿಲ್ಲೆಯದಾಯಿತು ಎಂಬುದು ಅವರಿಗೆ ಉತ್ತರ ಬಂದ ದಿನವೇ ಹೊಳೆದಿತ್ತು. ಆ ಸಂಜೆ ಬಸುರಿ ಮಗಳು ಕೇಳಿದ್ದಳು, "ಅಪ್ಪಾ, ಹೆರಿಗೆ ಕೋಣೆ ತೆಗೀತಾರಾ?" ಈಗ ಅವಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಜಿಲ್ಲಾ ಆಸ್ಪತ್ರೆಗೆ ಎರಡೂವರೆ ತಾಸಿನ ದಾರಿ, ಅದೂ ಕಿತ್ತುಹೋದ ರಸ್ತೆ. ಅವಳಿಗೆ ಮಹಡಿ ಹತ್ತಿದರೇ ಏದುಸಿರು. "ಪರಿಶೀಲನೆಯಲ್ಲಿದೆ ಮಗಾ" ಎಂದುಬಿಟ್ಟಿದ್ದರು. ಹೆತ್ತ ಮಗಳಿಗೆ. ಅವಳು ನಕ್ಕಿರಲಿಲ್ಲ.

ಸಲಹೆಗಾರ್ತಿ ಪೆನ್ನು ಕೆಳಗಿಟ್ಟಳು. "ಒಂದು ದಾರಿ ಇದೆ," ಎಂದಳು. "ನಮ್ಮ ಯೋಜನೆಯಿಂದಲೇ ಒಬ್ಬ ನರ್ಸನ್ನ ಕಳಿಸಬಹುದು. ನಮ್ಮ ಮೇಲಿನವರು ಒಪ್ತಾರೆ. ಮುಂದಿನ ವಾರವೇ ಬರ್ತಾಳೆ. ನೀವ್ಯಾರೂ ಸಹಿ ಹಾಕಬೇಕಾಗಿಲ್ಲ."

ಅಧ್ಯಕ್ಷೆಯ ಮುಖ ಅರಳಿತು. ಷರಾ ಸಾಹೇಬರ ಕಿವಿ ನೆಟ್ಟಗಾಯಿತು. ಸಹಿಯಿಲ್ಲ, ವಿಚಾರಣೆಯಿಲ್ಲ, ಸ್ಟೂಲಿಲ್ಲ, ಮಗಳಿಗೆ ನರ್ಸು. ತಾವೇ ಕೂತು ಬರೆದಿದ್ದರೂ ಇಷ್ಟು ಅಚ್ಚುಕಟ್ಟಾಗಿ ಬರುತ್ತಿರಲಿಲ್ಲ. ಬೇಡಿದ್ದನ್ನೆಲ್ಲ ಒಟ್ಟಿಗೆ ಯಾರಾದರೂ ತಂದಿಟ್ಟರೆ ಅವರಿಗೆ ಮೊದಲು ನೆನಪಾಗುವುದು ಅದರ ಹಿಂದಿನ ಪುಟ.

"ನಿಮ್ಮ ಯೋಜನೆ ಎಷ್ಟು ವರ್ಷ?" ಎಂದು ಕೇಳಿದರು.

"ಮೂರು. ಒಂದು ಮುಗೀತು."

"ಆಮೇಲೆ?"

"ಗೊತ್ತಿಲ್ಲ."

ಬಂದವರ ಬಾಯಲ್ಲಿ ಆ ಮಾತನ್ನು ಅವರು ಈ ಕುರ್ಚಿಯಲ್ಲಿ ಕೂತು ಯಾವತ್ತೂ ಕೇಳಿರಲಿಲ್ಲ. ಮುಂದುವರಿಯುತ್ತದೆ, ಚರ್ಚೆ ನಡೆದಿದೆ, ಆಶಾದಾಯಕವಾಗಿದೆ ಎನ್ನುವವರನ್ನೇ ಕಂಡಿದ್ದರು. ಇದೂ ಒಂದು ತಂತ್ರವೇ ಇರಬಹುದು ಎಂದು ಆಕೆಯ ಮುಖವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದರು. ದಣಿದ ಮುಖ, ಬೇರೇನೂ ಕಾಣಲಿಲ್ಲ.

"ಅಂದ್ರೆ ಎರಡು ವರ್ಷಕ್ಕೆ ನರ್ಸು ಹೋಗ್ತಾಳೆ, ಮತ್ತೆ ಬೀಗ," ಎಂದರು. "ನಿಮ್ಮ ವರದಿಯಲ್ಲಿ ಮಾತ್ರ ಊರಿಗೆ ಅಧಿಕಾರ ಬಂತು ಅಂತ ಉಳಿಯತ್ತೆ. ನೋಡಿ ಮೇಡಂ, ಅಧಿಕಾರ ಕೈಗೆ ಕೊಡ್ತೀವಿ ಅಂತ ಬರ್ತೀರಿ. ಕೈಗೆ ಕೊಡ್ತೀರೋ, ಕೈ ಕೊಡ್ತೀರೋ, ನಮಗೆ ತಿಳಿಯೋ ಹೊತ್ತಿಗೆ ನೀವಿರಲ್ಲ."

ಅಧ್ಯಕ್ಷೆ ನಗಬೇಕೋ ಬೇಡವೋ ತಿಳಿಯದೆ ಟೇಪು ಸುತ್ತತೊಡಗಿದಳು. ಸಲಹೆಗಾರ್ತಿಗೆ ನಗು ಬರಲಿಲ್ಲ. "ಹಾಗಾದ್ರೆ ನಾವೇನು ಮಾಡ್ಬೇಕು? ಬೈಗುಳ ಬೇಡ, ಕೆಲಸ ಹೇಳಿ."

ಯಾರೂ ಅವರನ್ನು ಅದನ್ನೂ ಕೇಳಿರಲಿಲ್ಲ. ಷರಾ ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನರ್ಸನ್ನ ಕೊಡ್ಬೇಡಿ. ತರಬೇತಿ, ಊಟ, ಚೀಲ, ಅದೂ ಬೇಡ. ರಾಜಧಾನಿಯಲ್ಲಿ ಕೂತು ಈ ಆದೇಶವನ್ನ ಕಾನೂನು ಮಾಡಿಸಿ. ಆದೇಶವನ್ನ ಒಬ್ಬನ ಸಹಿ ಅಳಿಸತ್ತೆ. ಕಾನೂನು ಅಳಿಸೋಕೆ ನೂರು ಜನ ಸೇರ್ಬೇಕು. ಮತ್ತೆ, ನಂಬಿ ಸಹಿ ಹಾಕಿದೋನ ತಲೆ ಮೇಲೆ ಆಮೇಲೆ ಕಲ್ಲು ಹಾಕಬಾರದು ಅಂತ ಅದರಲ್ಲೇ ಒಂದು ಸಾಲು ಬರೆಸಿ."

ಆಕೆ ಬರೆದುಕೊಂಡಳು. ಅವರು ತಲೆಕೆಳಗಾಗಿ ಓದಿದರು. ತೊಡಕು ಎಂಬ ಪದವನ್ನು ಗೀಟೆಳೆದು ಹೊಡೆದುಹಾಕಿದ್ದಳು. ಕೆಳಗೆ, "ಆಮೇಲೆ?" ಎಂದಷ್ಟೇ ಬರೆದು ಎರಡು ಗೆರೆ ಎಳೆದಿದ್ದಳು.

"ಪ್ರಯತ್ನ ಮಾಡ್ತೀನಿ. ಆಗತ್ತೆ ಅಂತ ಮಾತು ಕೊಡಲ್ಲ," ಎಂದಳು. "ಆದ್ರೂ ಎಷ್ಟೇ ಬೇಗ ಅಂದ್ರೂ ಒಂದು ವರ್ಷ."

ಒಂದು ವರ್ಷ. ಮಗಳಿಗೆ ಉಳಿದದ್ದು ಒಂದು ತಿಂಗಳು ಚಿಲ್ಲರೆ ದಿನ.

ಅವರು ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. ತಮ್ಮದೇ ಪತ್ರದ ಅಂಚಿನಲ್ಲಿ ಎರಡು ಬೆರಳಗಲ ಜಾಗ ಖಾಲಿಯಿತ್ತು. ಪೆನ್ನಿನ ಟೋಪಿ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ ದುಂಡಕ್ಷರದಲ್ಲಿ ಬರೆದರು: "ಈ ಪತ್ರವನ್ನು ಸಭೆಯ ನಿರ್ಣಯವಿಲ್ಲದೆ, ಅಧ್ಯಕ್ಷರಿಗೆ ತಿಳಿಸದೆ, ನಾನೇ ಕಳಿಸಿದ್ದು. ಪುರಸಭೆ ಯಾರ ಅನುಮತಿಯನ್ನೂ ಕೇಳಿಲ್ಲ. ಪತ್ರ ಹಿಂಪಡೆದಿದೆ. ತಪ್ಪು ನನ್ನದು." ಇಷ್ಟು ವರ್ಷ ಬರೀ ಒಂದು ಸುರುಳಿ ಎಳೆದು ಮುಗಿಸುತ್ತಿದ್ದ ಕಡೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಅಧ್ಯಕ್ಷೆ ಓದಿದಳು. ಅವಳ ಸಿಟ್ಟು ಎಲ್ಲಿ ಹೋಯಿತೋ. "ಅಣ್ಣಾ, ಇದು ನಿಮ್ಮ ಪಿಂಚಣಿಗೆ..."

"ಕೇಳೋದು ಬಿಟ್ಟು ಸಹಿ ಹಾಕಮ್ಮ," ಎಂದರು. ನೇಮಕದ ಪತ್ರದ ಮೇಲೆ ಮೊದಲು ಅವಳು, ಆಮೇಲೆ ಅವರು. ಹಾಗಂತ ಅನುಮಾನ ಬಿಟ್ಟುಹೋಗಲಿಲ್ಲ. ಎಲ್ಲದಕ್ಕೂ ಮೂರು ಜೆರಾಕ್ಸ್ ಮಾಡಿಸಿದರು. ಒಂದು ಕಡತಕ್ಕೆ, ಒಂದು ಮನೆಯ ಟ್ರಂಕಿಗೆ, ಮೂರನೆಯದನ್ನು ಸಲಹೆಗಾರ್ತಿಯ ಕೈಗೆ ಕೊಟ್ಟು, ತಲುಪಿದೆ ಎಂದು ಅವಳಿಂದ ಸಹಿ ಹಾಕಿಸಿಕೊಂಡರು.

ಮಾರನೆಯ ಬೆಳಿಗ್ಗೆ ಹೆರಿಗೆ ಕೋಣೆಯ ಬೀಗ ಯಾರಿಗೂ ಬಗ್ಗಲಿಲ್ಲ. ಹದಿನಾಲ್ಕು ತಿಂಗಳಿಗೆ ತುಕ್ಕು ಹಿಡಿದು ಕೀಲಿಯನ್ನು ಒಳಗೇ ಬಿಡುತ್ತಿರಲಿಲ್ಲ. ಒಡೆಯಲು ಜವಾನ ಕಲ್ಲು ಹುಡುಕಿ ತಂದ. "ತಡಿಯೋ," ಎಂದು ಅಧ್ಯಕ್ಷೆ ತನ್ನ ಚೀಲದಿಂದ ಹೊಲಿಗೆ ಮಷೀನಿನ ಎಣ್ಣೆ ಡಬ್ಬಿ ತೆಗೆದಳು. ಷರಾ ಸಾಹೇಬರು ಬೀಗವನ್ನು ಅಂಗೈಯಲ್ಲಿ ಎತ್ತಿ ಹಿಡಿದರು. ಅವಳು ಹನಿಹನಿಯಾಗಿ ಬಿಟ್ಟಳು. ಎಣ್ಣೆ ಅವರ ಬೆರಳುಗಳ ಮೇಲೆಲ್ಲ ಹರಿದು ಮಣಿಕಟ್ಟಿಗೆ ಇಳಿಯಿತು. ಮೂರನೆಯ ಸಲಕ್ಕೆ ಕೀಲಿ ತಿರುಗಿತು.

ಷರಾ ಸಾಹೇಬರು ಕಿಟಕಿಗಳನ್ನು ತೆಗೆದು ನೋಡಿದರು, ದೀಪದ ಸ್ವಿಚ್ಚು ಎರಡೆರಡು ಸಲ ಒತ್ತಿ ನೋಡಿದರು, ನಲ್ಲಿ ಬಿಟ್ಟು ಕೆಂಪು ನೀರು ತಿಳಿಯಾಗುವ ತನಕ ಪಕ್ಕದಲ್ಲೇ ನಿಂತರು. ನರ್ಸು ಹೊಸ ಹಾಜರಿ ಪುಸ್ತಕ ತೆರೆದು ಹೆಸರು, ಹುದ್ದೆ, ತಾರೀಖು ತುಂಬಿಸಿದಳು. ಕೊನೆಯ ಕಾಲಂ ಬಂದಾಗ ಪೆನ್ನು ನಿಂತಿತು.

"ಸಾರ್, ಷರಾ ಅಂತಿದೆ. ಇಲ್ಲೇನು ಬರೀಲಿ?"

ಬಾಗಿಲಲ್ಲಿ ನಿಂತ ಜವಾನ ಕೆಮ್ಮಿ ನಗು ನುಂಗಿದ. ಷರಾ ಸಾಹೇಬರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಕಾಲಂ ನೋಡಿದರು. ಕೈ ಜೇಬಿನ ಪೆನ್ನಿನ ತನಕ ಹೋಗಿ ವಾಪಸ್ಸು ಬಂತು.

"ಏನೂ ಬೇಡಮ್ಮ," ಎಂದು ಪುಸ್ತಕ ಹಿಂದಕ್ಕೆ ಕೊಟ್ಟರು. ಖಾಲಿ ಕಾಲಂನಲ್ಲಿ ಅವರ ಹೆಬ್ಬೆಟ್ಟಿನ ಎಣ್ಣೆ ಗುರುತು ಗೆರೆಗೆರೆಯಾಗಿ ಮೂಡಿತ್ತು.