ಎರಡು ಟಕ್

ಟಕ್, ಅದು ರ, ಇನ್ನೊಂದು ಟಕ್, ಅದು ದೀರ್ಘ, ರೀ ಎಂದು ಕರೆಯುತ್ತಿದ್ದಾಳೆ ಬೆನ್ನ ಹಿಂದೆ, ತಿರುಗಬೇಕು, ವಕೀಲರೊಬ್ಬರ ಗೌನಿನ ತೋಳಿಗೆ ಇನ್ನು ಒಂದು ಗೇಣು ಹೊಲಿಗೆ ಉಳಿದಿದೆ, ಕಪ್ಪು ಬಟ್ಟೆಗೆ ಕಪ್ಪು ನೂಲು, ಕಣ್ಣು ಕಿತ್ತರೆ ಮತ್ತೆ ಗೆರೆ ಸಿಗುವುದಿಲ್ಲ, ಬಂದೆ ಕಣೇ ಒಂದ್ನಿಮಿಷ ಎನ್ನುತ್ತೇನೆ, ಮೊದಲೂ ಹೀಗೇ ಎನ್ನುತ್ತಿದ್ದೆ, ಆಗ ಅವಳು ಇನ್ನೊಂದು ರೀ ಎಸೆಯುತ್ತಿದ್ದಳು, ಅಡುಗೆಮನೆಯಿಂದ ಹೊರಟ ಆ ರೀ ಮಿಷನ್ನಿನ ಗದ್ದಲವನ್ನು ಸೀಳಿಕೊಂಡು ಬಂದು ಕಿವಿಯೊಳಗೆ ಕೂರುತ್ತಿತ್ತು, ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಹೆಸರು ಹಿಡಿದು ಕರೆದವಳಲ್ಲ, ಊರವರ ಹೆಸರನ್ನೆಲ್ಲ ಕೂಗುವ ಬಾಯಿಗೆ ಗಂಡನ ಪಾಲಿಗೆ ಮಾತ್ರ ಒಂದೇ ಅಕ್ಷರ, ಈಗ ಆ ಒಂದಕ್ಷರವೂ ಎರಡು ಟಕ್ ಆಗಿದೆ, ಡಾಕ್ಟರು ಅವಳ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿ ಮೂರು ತಿಂಗಳಾಯಿತು, ಆವತ್ತಿನಿಂದ ಅವಳ ಮಾತೆಲ್ಲ ಫೋನಿನ ಪರದೆಯ ಮೇಲೆ, ಅವಳು ಟೈಪ್ ಮಾಡಬೇಕು, ನಾನು ಕನ್ನಡಕ ಹಾಕಿಕೊಂಡು ಓದಬೇಕು — ಟಕ್ ಟಕ್, ಟಕ್ ಟಕ್, ಈ ಸಲ ತಾಳ್ಮೆಯಿಲ್ಲದ ರೀ, ತಿರುಗುವಷ್ಟರಲ್ಲಿ ಫೋನು ನನ್ನ ಕೈಮೇಲೇ ಬಿತ್ತು, ಗೌನಿನ ಮಡಿಕೆಯಲ್ಲಿ, ಸೂಜಿಗೆ ಎರಡು ಬೆರಳು ಆಚೆ, ಅವಳಿನ್ನೂ ಕೋರ್ಟಿಗೆ ಹಾಕಿಕೊಂಡು ಹೋಗಿದ್ದ ಚಪ್ಪಲಿಯಲ್ಲೇ ನಿಂತಿದ್ದಾಳೆ, ಪರದೆಯ ಮೇಲೆ ಬರೆದಿದೆ, ಈ ಫೋನಿನ ಸದ್ದೆಲ್ಲ ತೆಗೀರಿ, ಒಂದೂ ಇರಬಾರದು.

ಒಂದೂ ಇರಬಾರದು, ಸರಿ, ತೆಗೆಯೋಣ, ಇವತ್ತು ಆದದ್ದಾದ ಮೇಲೆ ತೆಗೆಯುವುದಿಲ್ಲ ಅನ್ನುವ ಮುಖ ನನಗಾದರೂ ಎಲ್ಲಿದೆ, ಬೆಳಿಗ್ಗೆ ಹತ್ತೂವರೆಗೆ ಅವಳು ಕೆಲಸ ಮಾಡುತ್ತಿದ್ದ ಕೋರ್ಟಿನ ಅದೇ ಹಾಲಿನ ಕೊನೇ ಬೆಂಚಿನಲ್ಲಿ ಇಬ್ಬರೂ ಕೂತಿದ್ದೆವು, ಡಾಕ್ಟರ ಸರ್ಟಿಫಿಕೇಟು ಕೊಟ್ಟು ಕಡತದ ಕೋಣೆಯಲ್ಲಿ ಏನಾದರೂ ಕೆಲಸ ಕೊಡಿ ಎಂದು ಕೇಳುವುದಕ್ಕೆ, ಹೆಡ್ ಕ್ಲರ್ಕು ಜಡ್ಜರ ಪೀಠದ ಕೆಳಗೆ ಕಾಗದದಲ್ಲಿ ಮುಳುಗಿದ್ದ, ಕಲಾಪ ಮುಗೀಲಿ ಕೂತಿರಿ ಅಂದಿದ್ದ, ಇಪ್ಪತ್ತಾರು ವರ್ಷ ಅವಳು ಆ ಹಾಲಿನಲ್ಲಿ ಕೂತವಳೇ ಅಲ್ಲ, ಬಾಗಿಲಲ್ಲಿ ನಿಂತು ಹೊರಗಿನ ಜನಕ್ಕೆ ಕಕ್ಷಿದಾರರ ಹೆಸರು ಕೂಗುವುದು ಅವಳ ಕೆಲಸ, ಒಂದೊಂದು ಹೆಸರನ್ನು ಮೂರು ಸಲ, ಮೂರನೆಯದಕ್ಕೂ ಬರದಿದ್ದವನ ಕೇಸು ಅಲ್ಲಿಗೆ ಮುಗಿಯಿತು, ಅದಕ್ಕೇ ವಕೀಲರೆಲ್ಲ ಮೂರುಕೂಗಿನಮ್ಮ ಅಂತಿದ್ದರು, ಅವಳ ಮೂರನೇ ಕೂಗು ರಸ್ತೆ ದಾಟಿ ನನ್ನ ಅಂಗಡಿಗೆ ಬರುತ್ತಿತ್ತು, ನಾನಾಗ ವಕೀಲರ ಗೌನು ಹೊಲಿಯುವ ಒಂಟಿ ಮನುಷ್ಯ, ಯಾರದಪ್ಪ ಈ ಗಂಟಲು ಎಂದು ಬಟನ್ ಹಾಕುವುದನ್ನು ಬಿಟ್ಟು ಎದ್ದು ಹೋಗಿ ನೋಡಿದ್ದೆ, ಇಷ್ಟೇ ಇಷ್ಟು ಹೆಂಗಸು, ನಮ್ಮ ಮಿಷನ್ನಿಗಿಂತ ಒಂದು ಮೊಳ ಎತ್ತರ ಇದ್ದರೆ ಹೆಚ್ಚು — ಇವತ್ತು ಆ ಬಾಗಿಲಲ್ಲಿ ಹೊಸಬ ನಿಂತಿದ್ದ, ಕೊಡದೊಳಗೆ ಮಾತಾಡಿದ ಹಾಗೆ ಕೂಗುತ್ತಿದ್ದ, ಮೊದಲ ಕೂಗಿಗೇ ಅವಳ ಮುಖ ಹುಳಿಯಾಯಿತು, ಫೋನು ತೆಗೆದಳು, ಟಕ್ ಟಕ್ ಟಕ್, ನನಗೇನೋ ಹೇಳುವುದಕ್ಕೆ, ಬಸ್ಸಿನ ಗಲಾಟೆಯಲ್ಲಿ ಕೇಳಲಿ ಎಂದು ನಾನೇ ಸದ್ದನ್ನು ಪೂರ್ತಿ ಏರಿಸಿಟ್ಟಿದ್ದೆ, ಇಳಿಸುವುದು ಮರೆತಿದ್ದೆ, ಮುಂದಿನ ಬೆಂಚಿನವರು ತಿರುಗಿದರು, ಸಾಕು ಕಣೇ ಆಮೇಲೆ ಹೇಳು ಅಂದೆ ಮೆಲ್ಲಗೆ, ಅವಳು ಗಡಿಬಿಡಿಯಲ್ಲಿ ಮುಚ್ಚಲು ಹೋಗಿ ಆ ಓದುವ ಗುಂಡಿ ಒತ್ತಿಬಿಟ್ಟಳು, ಮಗಳು ಹಾಕಿಕೊಟ್ಟದ್ದು ಅದು, ಬರೆದದ್ದನ್ನು ಗಟ್ಟಿಯಾಗಿ ಓದುವ ಯಂತ್ರದ ಹೆಂಗಸು, ಆ ಹೆಂಗಸು ಜಡ್ಜರ ಮುಂದೆ, ವಕೀಲರ ಮುಂದೆ, ಇಡೀ ಹಾಲಿಗೆ ಕೇಳುವಂತೆ ಒಂದೊಂದೇ ಪದ ಬಿಡಿಸಿ ಓದಿದಳು, ಈ. ಮುಂಡೇದಕ್ಕೆ. ಹೆಸರು. ಕೂಗೋಕೆ. ಬರಲ್ಲ.

ನಕ್ಕರು, ನಗದೆ ಏನು ಮಾಡುತ್ತಾರೆ, ಇನ್ನೊಂದು ದಿನವಾಗಿದ್ದರೆ ನಾನೂ ನಗುತ್ತಿದ್ದೆ, ಜಡ್ಜರು ಕಣ್ಣೆತ್ತಿ ಯಾರದು ಆ ಫೋನು ಅಂದರು, ಅವರೂ ಹೊಸಬರು, ಹೊಸಬ ಕೂಗುವವನು ಧಡಧಡ ನಡೆದು ಬಂದು, ಏನಮ್ಮಾ, ಕೋರ್ಟ್ ಅಂದ್ರೆ ಏನಂದ್ಕೊಂಡಿದೀರ, ಫೋನ್ ಆಫ್ ಮಾಡಿ, ಇಲ್ಲಾಂದ್ರೆ ಎದ್ದು ಹೊರಗೆ ಹೋಗಿ ಅಂದ, ಅದೇ ಮಾತು, ಅಕ್ಷರಕ್ಕೆ ಅಕ್ಷರ ಅವಳೇ ಇಪ್ಪತ್ತಾರು ವರ್ಷ ಎಷ್ಟು ಸಾವಿರ ಜನಕ್ಕೆ ಹೇಳಿದ ಮಾತು, ಅವಳು ಬಾಯಿ ತೆರೆದಳು, ಅಭ್ಯಾಸ, ಬಾಯಿ ತೆರೆದೇ ಇತ್ತು, ಹೆಡ್ ಕ್ಲರ್ಕು ತಲೆ ಎತ್ತಲಿಲ್ಲ, ನಾನು ಹೇಳಬೇಕಿತ್ತು, ಸಾಹೇಬರೇ ಈಕೆ ಇದೇ ಬಾಗಿಲಲ್ಲಿ ನಿಂತವಳು, ಗಂಟಲಿಗೆ ಆಪರೇಷನ್ ಆಗಿದೆ, ಅದು ಫೋನಲ್ಲ, ಅದು ಅವಳ ಮಾತು ಎಂದು, ನನ್ನ ಧ್ವನಿಪೆಟ್ಟಿಗೆಗೆ ಏನು ಬಂದಿತ್ತು ಧಾಡಿ, ನಾಲ್ಕು ವಾಕ್ಯ, ಮೂರಾದರೂ ಸಾಕಿತ್ತು, ನಾನು ಎದ್ದೆ, ಬಾ ಹೋಗೋಣ ಅಂದೆ, ತಲೆ ತಗ್ಗಿಸಿ ಅವಳಿಗಿಂತ ಮೊದಲು ಬಾಗಿಲು ದಾಟಿದೆ, ಸರ್ಟಿಫಿಕೇಟು ನನ್ನ ಜೇಬಿನಲ್ಲೇ ಉಳಿಯಿತು, ಬೀದಿಗೆ ಬಂದ ಮೇಲೆ ಅವಳು ಬಸ್ಸಿಗೂ ನಿಲ್ಲಲಿಲ್ಲ, ಬಿಸಿಲಿನಲ್ಲಿ ಮುಂದೆ ಮುಂದೆ ನಡೆದಳು, ನಾನು ಹಿಂದಿನಿಂದ ಲೇ ನಿಲ್ಲೇ ಎನ್ನುತ್ತಾ, ಮನೆಗೆ ಬಂದವನು ನೀರು ಕೂಡ ಕೊಡದೆ ಮಿಷನ್ನಿನ ಮುಂದೆ ಕೂತುಬಿಟ್ಟೆ, ಗೌನು ಸಂಜೆಗೆ ಬೇಕಂತೆ ಎಂದು, ಸಂಜೆಗೆ ಯಾರೂ ಕೇಳಿರಲಿಲ್ಲ.

ಸದ್ದುಗಳು ಎಲ್ಲಿವೆ ಇದರಲ್ಲಿ, ಹಲ್ಲಿನ ಚಕ್ರದಂಥ ಗುರುತು ಒತ್ತಬೇಕು ಅಂದಿದ್ದಳು ಮಗಳು, ಧ್ವನಿ ಎಂದಿರುವಲ್ಲಿ ಹೋದರೆ ಒಂದು ಪಟ್ಟಿ, ಇಷ್ಟೊಂದು ಬಾಯಿ ಇದೆಯೇ ಇದಕ್ಕೆ, ಮೊದಲು ಆ ಯಂತ್ರದ ಹೆಂಗಸು, ಅವಳನ್ನು ತೆಗೆದೇ ಹಾಕಿದೆ, ಹೋಗಮ್ಮ ನಿನ್ನಿಂದ ಆದದ್ದು ಸಾಕು, ಆಮೇಲೆ ಪರದೆ ಲಾಕ್ ಮಾಡುವ ಸದ್ದು, ಕಟಕ್ ಅನ್ನುವಂಥದ್ದು, ಮುಂದಿದ್ದ ಗುಂಡಿ ಎಳೆದೆ, ನೀಲಿಯಿದ್ದದ್ದು ಬೂದಿಯಾಯಿತು, ಚಾರ್ಜಿಗೆ ಹಾಕಿದಾಗ ನೀರಿಗೆ ಕಲ್ಲು ಬಿದ್ದ ಹಾಗೆ ಡುಬುಕ್ ಅನ್ನುವುದು, ಬೂದಿ, ನಂಬರು ಒತ್ತುವ ಪೀಂಪೀಂ, ಯಾರಿಗೆ ಫೋನ್ ಮಾಡಬೇಕು ಅವಳು ಇನ್ನು, ಬೂದಿ, ಅವಳು ನನ್ನ ಕತ್ತಿನ ಹತ್ತಿರವೇ ನಿಂತು ನೋಡುತ್ತಿದ್ದಾಳೆ, ಉಸಿರು ನನ್ನ ಕೆನ್ನೆಗೆ ಬರುವುದಿಲ್ಲ ಈಗ, ಉಸಿರಿಗೆ ಮೂಗಿನ ದಾರಿಯಿಲ್ಲ, ಕುತ್ತಿಗೆಯ ಕುಳಿಯಲ್ಲಿ ಮಾಡಿಟ್ಟ ತೂತಿನಿಂದ ಹೋಗಿ ಬರುತ್ತದೆ, ಆ ತೂತಿಗೆ ಮುಚ್ಚಿಕೊಳ್ಳಲು ಬಿಳಿ ಮಲ್ ಬಟ್ಟೆಯ ಚೌಕಗಳನ್ನು ನಾನೇ ಹೊಲಿದುಕೊಟ್ಟಿದ್ದೇನೆ, ಹದಿನಾಲ್ಕು, ದಿನಕ್ಕೆರಡರಂತೆ ಒಗೆದು ಹಾಕಲಿಕ್ಕೆ, ಅಂಚು ಚುಚ್ಚದಿರಲಿ ಎಂದು ಕೈಹೊಲಿಗೆ, ಮಾತಾಡಲು ಹೊರಟಾಗ ಅದು ಒಳಕ್ಕೆ ಅಂಟುತ್ತದೆ, ಹೊರಕ್ಕೆ ಉಬ್ಬುತ್ತದೆ — ಮೊದಲ ಸಲ ತೋರಿಸಲು ಹೋದಾಗ ಆ ಡಾಕ್ಟರಮ್ಮ ಕೇಳಿದ್ದರು, ಸ್ವರ ಹೀಗೆ ಒಡೆದು ಎಷ್ಟು ದಿನ ಆಯ್ತು, ಒಂದೆರಡು ತಿಂಗಳಿರಬೇಕು ಡಾಕ್ಟ್ರೇ ಎಂದವನು ನಾನು, ಅವಳು ಗೊರಗೊರ ಸ್ವರದಲ್ಲಿ ಎಂಟು ಅಂದಳು, ನನ್ನ ಕಡೆ ನೋಡಲೂ ಇಲ್ಲ, ಎಂಟು ತಿಂಗಳು, ಡಾಕ್ಟರಮ್ಮ ಬರೆಯುತ್ತಾ, ಸ್ವಲ್ಪ ಮೊದಲೇ ಬರ್ಬೇಕಿತ್ತು ಅಂದರು, ಅಷ್ಟೇ ಅಂದದ್ದು, ಎಂಟು ತಿಂಗಳು ನಾನು ಬಿಸಿನೀರು ಕುಡಿ, ಕೂಗಿ ಕೂಗಿ ಹಾಗಾಗಿದೆ, ಎರಡು ದಿನ ರಜ ಹಾಕು ಎನ್ನುತ್ತಲೇ ಇದ್ದೆ, ನಿಜ ಹೇಳಬೇಕೆಂದರೆ, ಯಾರೂ ಕೇಳಿಸಿಕೊಳ್ಳದ ಈ ತಲೆಯೊಳಗಾದರೂ ಹೇಳಬೇಕೆಂದರೆ, ನನಗೆ ಹಿತವಾಗಿತ್ತು, ಸಂಜೆ ಅವಳು ಪಿಸುಗುಟ್ಟಿಕೊಂಡು ಬರುವುದು, ಮನೆ ಮೊದಲ ಸಲ ತಣ್ಣಗಿರುವುದು, ರೇಡಿಯೋ ಸಣ್ಣಗೆ ಇಟ್ಟರೂ ಕೇಳುವುದು, ಅದಕ್ಕೂ ಮೊದಲೊಂದು ಭಾನುವಾರ ಮಗಳ ಬಾಡಿಗೆ ಮನೆಯ ವಿಷಯಕ್ಕೆ ಜಗಳವಾಡಿ, ಅವಳು ಒಂದಕ್ಕೆ ಹತ್ತು ಆಡಿ, ನಾನು ಕತ್ತರಿ ಕುಕ್ಕಿ ಅಂದಿದ್ದೆ, ನಿನ್ ಬಾಯಿ ಬಿದ್ದೋಗ, ಎಲ್ಲರೂ ಅನ್ನುವ ಮಾತು, ಮಕ್ಕಳಿಗೂ ಅನ್ನುತ್ತಾರೆ, ನಗುತ್ತಾ ಅನ್ನುತ್ತಾರೆ, ನಾನು ನಗುತ್ತಿರಲಿಲ್ಲ.

ಆಯ್ತು ಕಣೇ, ಎಲ್ಲ ಹೋಯ್ತು, ಅಂದೆ, ಅವಳು ಫೋನು ತೆಗೆದುಕೊಂಡು ನೋಡುವುದಕ್ಕೆಂದು ಟೈಪ್ ಮಾಡಿದಳು, ಟಕ್ ಟಕ್ ಟಕ್ ಟಕ್, ಅದು ಹೋಗಿಲ್ಲ, ನನಗೆ ಗೊತ್ತಿತ್ತು ಅದು ಹೋಗಿಲ್ಲ ಎಂದು, ಅಕ್ಷರ ಒತ್ತುವ ಸದ್ದು ಆ ಪಟ್ಟಿಯಲ್ಲಿಲ್ಲ, ಅಕ್ಷರಗಳ ಸಾಲಿನಲ್ಲೇ ಅಲ್ಪವಿರಾಮವನ್ನು ಒತ್ತಿ ಹಿಡಿದರೆ ಬೇರೊಂದು ಬಾಗಿಲು ತೆರೆಯುತ್ತದೆ, ಅದರೊಳಗೆ ಇದೆ, ಹೋದ ಭಾನುವಾರ ಮಗಳು ತೋರಿಸಿದ್ದಳು, ಅಪ್ಪಾ, ಅಮ್ಮಂಗೆ ಕಿರಿಕಿರಿ ಆದ್ರೆ ಇಲ್ಲಿ ತೆಗೀಬಹುದು, ಬೇಡ ಕಣಮ್ಮ ಇರ್ಲಿ ಅಂದಿದ್ದೆ ನಾನು, ಇರಲಿ, ಅದೊಂದು ಇರಲಿ, ನಾನು ಕಿಟಕಿಗೆ ಮುಖ ಮಾಡಿ ಕೂರುವವನು, ಬೆಳಕು ಬೇಕು ಹೊಲಿಗೆಗೆ, ಬೆನ್ನ ಹಿಂದೆ ಅವಳ ಕುರ್ಚಿ, ಆ ಟಕ್ ಇದ್ದರೆ ಅವಳಿದ್ದಾಳೆ, ಸಿಟ್ಟಿದ್ದರೆ ಜೋರಾಗಿ, ನೆನಪು ಮಾಡಿಕೊಳ್ಳುತ್ತಿದ್ದರೆ ತಡೆತಡೆದು, ಮಗಳಿಗೆ ಬರೆಯುತ್ತಿದ್ದರೆ ಮುಗಿಯುವುದೇ ಇಲ್ಲ ಜಡಿಮಳೆಯ ಹಾಗೆ, ಮೂರು ತಿಂಗಳಲ್ಲಿ ಅದಕ್ಕೂ ರಾಗ ಕಲಿತಿದ್ದೇನೆ — ಅವಳು ಪರದೆ ತೋರಿಸಿದಳು, ಇದು?, ನಾನಂದೆ, ಅದು ಹೋಗಲ್ಲ ಕಣೇ, ಕಂಪನಿಯವ್ರೇ ಹಾಕಿರೋದು, ಅದನ್ನ ತೆಗೆಯೋಕೆ ಬರಲ್ಲ, ಎಷ್ಟು ಸಲೀಸಾಗಿ ಬಂತು, ಒಂದೆರಡು ತಿಂಗಳಿರಬೇಕು ಡಾಕ್ಟ್ರೇ ಎಂದಷ್ಟೇ ಸಲೀಸಾಗಿ, ಅವಳು ನನ್ನನ್ನು ನೋಡಿದಳು, ಸುಳ್ಳು ಸಾಕ್ಷಿ ಹೇಳುವವರನ್ನು ಇಪ್ಪತ್ತಾರು ವರ್ಷ ಬಾಗಿಲಿನಿಂದ ನೋಡಿದ ಕಣ್ಣು, ಕುರ್ಚಿಗೆ ಹೋಗಿ ಕೂತಳು, ಜಡಿಮಳೆ ಶುರುವಾಯಿತು, ಮಗಳಿಗೆ, ನಿಂತಿತು, ಫೋನು ಒಮ್ಮೆ ಅದುರಿತು, ಉತ್ತರ ಬಂತು, ಅವಳ ಹೆಬ್ಬೆರಳು ಅಲ್ಪವಿರಾಮವನ್ನು ಒತ್ತಿ ಹಿಡಿಯಿತು, ಒಂದು, ಎರಡು, ಕೆಳಗೆ ಜಾರಿಸಿದಳು, ಒತ್ತಿದಳು.

ಮತ್ತೆ ಎದ್ದು ಬಂದಳು, ಮಗಳ ಉತ್ತರವನ್ನು ನನ್ನ ಮುಖಕ್ಕೆ ಹಿಡಿದಳು, ಅಮ್ಮಾ ಅಪ್ಪಂಗೆ ತೋರಿಸಿದ್ನಲ್ಲ, ಅವ್ರಿಗೆ ಗೊತ್ತು, ನಾನಂದೆ, ನೀನು ಕರೆದ್ರೆ ನಂಗೆ ಗೊತ್ತಾಗ್ಬೇಕಲ್ಲೇ, ಅದಕ್ಕೇ, ನಿನ್ನ ಸದ್ದೇ ಇಲ್ದಂಗಾಗತ್ತಲ್ಲೇ ಮನೇಲಿ, ಅವಳು ಬರೆದಳು, ಸದ್ದಿಲ್ಲದೆ, ಹೆಬ್ಬೆರಳು ಗಾಜಿನ ಮೇಲೆ ನೊಣದ ಹಾಗೆ ಕೂತೆದ್ದು ಕೂತೆದ್ದು, ಅದು ನನ್ನ ಸದ್ದಲ್ಲ, ಅದನ್ನ ಕೇಳಿಸ್ಕೊಂಡು ನೀವು ಸಮಾಧಾನ ಮಾಡ್ಕೋಬೇಡಿ, ಓದಿದೆ, ಎರಡು ಸಲ ಓದಿದೆ, ಕನ್ನಡಕ ಮಂಜಾಯಿತು, ಸರಿ ಅಂದೆ, ಸರಿ ಬಿಡು, ತಿರುಗಿ ಕೂತೆ, ಏನು ಮಾಡಲಿ ಮುಖ ಇಟ್ಟುಕೊಂಡು, ತೋಳಿನ ಹೊಲಿಗೆ ಒಂದು ಗೇಣು ಉಳಿದಿತ್ತಲ್ಲ, ಕಾಲು ತುಳಿಯಿತು, ಮಿಷನ್ನು ಓಡಿತು, ಮುಗಿಯಿತು, ಇನ್ನೊಂದು ತೋಳು ತೆಗೆದುಕೊಂಡೆ, ಅದಕ್ಕೂ ಓಡಿಸಿದೆ, ಹಿಂದೆ ಏನೂ ಇಲ್ಲ, ಎದ್ದು ಒಳಗೆ ಹೋದಳೇನೋ, ಮಲಗಿದಳೇನೋ, ಮಲಗಲಿ, ಬಿಸಿಲಲ್ಲಿ ನಡೆದು ಬಂದವಳು, ಕಾಲರಿನ ಮಡಿಕೆ, ಅದನ್ನೂ ಮುಗಿಸಿಬಿಡೋಣ, ನಾಳೆ ನಾನೊಬ್ಬನೇ ಕೋರ್ಟಿಗೆ ಹೋಗುತ್ತೇನೆ, ಜಡ್ಜರ ಮುಂದೆಯೇ ನಿಂತು ಹೇಳುತ್ತೇನೆ, ಆ ನಾಲ್ಕು ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ, ಸಾಹೇಬರೇ ಈಕೆ ಇದೇ ಬಾಗಿಲಲ್ಲಿ, ನೂಲು ತುಂಡಾಯಿತು, ಮಿಷನ್ನು ನಿಂತಿತು, ಬಾಬಿನ್ನಿಗೆಂದು ಪಕ್ಕಕ್ಕೆ ತಿರುಗಿದೆ.

ಅವಳು ಅಲ್ಲೇ ಇದ್ದಳು, ನನ್ನ ಬೆನ್ನಿಗೆ ಒಂದು ಮೊಳ ದೂರದಲ್ಲಿ, ಕೈ ಮುಂದೆ ಚಾಚಿಕೊಂಡು, ಫೋನನ್ನು ನನ್ನ ಕಡೆ ಹಿಡಿದುಕೊಂಡು ನಿಂತಿದ್ದಳು, ಎಷ್ಟು ಹೊತ್ತಿನಿಂದ, ಒಂದು ತೋಳಿನಷ್ಟು ಹೊತ್ತೋ, ಎರಡು ತೋಳು ಒಂದು ಕಾಲರಿನಷ್ಟೋ, ಪರದೆ ಆರಿಹೋಗಿತ್ತು, ಕಪ್ಪು ಗಾಜಿನಲ್ಲಿ ಕಿಟಕಿ ಮತ್ತು ನನ್ನ ಅರ್ಧ ಮುಖ, ಏನೇ, ಏನ್ ಬರ್ದಿದ್ದೆ, ಕೇಳಿಸ್ಲಿಲ್ಲ ಕಣೇ, ಮಿಷನ್ ಓಡ್ತಿತ್ತು, ತೋರ್ಸು, ಇನ್ನೊಂದ್ಸಲ ತೋರ್ಸೇ, ಅವಳು ಪರದೆ ಬೆಳಗಿಸಲಿಲ್ಲ, ಕೈ ಇಳಿಸಲೂ ಇಲ್ಲ, ಬಾಯಿ ತೆರೆದಿದೆ, ತುಟಿ ಅಲುಗುತ್ತಿದೆ, ಬೆಳಿಗ್ಗೆ ಅಷ್ಟು ಜನರ ಮುಂದೆ ತೆರೆದಿದ್ದ ಹಾಗೆಯೇ, ಮೈಯೆಲ್ಲ ಕೂಡಿಸಿಕೊಂಡು ಕಾಲಿನ ಹೆಬ್ಬೆರಳಿನ ಮೇಲೆ ನಿಂತು ಕೂಗುತ್ತಿದ್ದಾಳೆ, ನನ್ನನ್ನೇ ನೋಡುತ್ತಾ ಕೂಗುತ್ತಿದ್ದಾಳೆ, ಕಿವಿಗೆ ಬೀದಿಯ ಒಂದು ಹಾರ್ನು, ಗೋಡೆಯ ಗಡಿಯಾರ, ಮತ್ತೇನಿಲ್ಲ, ಕುತ್ತಿಗೆಯ ಕುಳಿಯಲ್ಲಿ ನಾನು ಹೊಲಿದ ಆ ಬಿಳಿ ಚೌಕ ಒಳಕ್ಕೆ ಅಂಟುತ್ತದೆ, ಹೊರಕ್ಕೆ ಉಬ್ಬುತ್ತದೆ, ಒಳಕ್ಕೆ ಅಂಟುತ್ತದೆ, ಹೊರಕ್ಕೆ